ಮೊಂಟೋನೆಯಿಂದ ಅಪ್ಪನಿಗೆ

ಮೊಂಟೋನೆ, ಇಟಲಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ, ನೀವೂ ಅವ್ವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಒಬ್ಬಳೇ ಕ್ಯಾಂಪರ್‌ವ್ಯಾನ್ ಓಡಿಸಿಕೊಂಡು ತಿರುಗುತ್ತಿದ್ದೇನೆಂದು ಅವ್ವ ಚಿಂತಿಸುವುದು ಬೇಡ. ಇಲ್ಲಿಯ ಅನೇಕ ಊರುಗಳಲ್ಲಿ ಇಂತಹ ವಾಹನಗಳು ರಾತ್ರಿ ತಂಗಲೆಂದೇ ಜಾಗ ಮಾಡಿಟ್ಟಿದ್ದಾರೆ. ಕತ್ತಲಾಗುವ ಮೊದಲೇ ಅಲ್ಲಿಗೆ ಸೇರಿ, ಅಡುಗೆಯನ್ನೂ ವ್ಯಾನಿನಲ್ಲಿಯೇ ಮಾಡಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ 1943ರಿಂದ 1945ರವರೆಗೆ ನಮ್ಮ ದೇಶದ ಸುಮಾರು 50,000 ಸೈನಿಕರು ಬ್ರಿಟಿಷರ ಸೈನ್ಯದಲ್ಲಿದ್ದು, ಜರ್ಮನ್ನರ ವಿರುದ್ಧ ಈ ನೆಲದಲ್ಲಿ ಹೋರಾಡಿದರು. ಅವರಲ್ಲಿ 5,700ಕ್ಕೂ ಹೆಚ್ಚು ಜನ ಇಲ್ಲಿಯೇ ಮಡಿದರು. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರೂ ಅವರೊಳಗಿದ್ದರು. ಆ ಕೇಂದ್ರದ ಮುಂದೆ ನಿತ್ಯ ಓಡಾಡಿ ಬೆಳೆದ ನನಗೆ ಈ ಸಂಗತಿಯನ್ನು ಯಾವ ಪಾಠಪುಸ್ತಕವೂ ಹೇಳಲಿಲ್ಲ.

ಅವರ ನೆನಪಿನ ಜಾಗಗಳನ್ನು ಹುಡುಕಿಕೊಂಡು ನಾನು ಮೊದಲು ಹೋದದ್ದು ಪೂರ್ವ ಕರಾವಳಿಯ ಸಾಂಗ್ರೊ ನದಿಯ ಕಡೆಗೆ. 1943ರ ನವೆಂಬರಿನಲ್ಲಿ ಎಂಟನೆಯ ಭಾರತೀಯ ಡಿವಿಜನ್ ಈ ನದಿಯನ್ನು ದಾಟಿ, ಆಚೆಯ ದಿಬ್ಬದ ಮೇಲಿನ ಮೊಜ್ಜಗ್ರೋನ್ಯ ಎಂಬ ಹಳ್ಳಿಗಾಗಿ ಮನೆಮನೆಯಲ್ಲೂ ಕಾದಾಡಿತು. ಈಚೆಯ ಇಳಿಜಾರಿನಲ್ಲಿರುವ ಯುದ್ಧಸಮಾಧಿ ಸ್ಥಳದಲ್ಲಿ 2,617 ಸಮಾಧಿಗಳಿವೆ. ಅಧಿಕಾರಿಯಿರಲಿ, ಸಿಪಾಯಿಯಿರಲಿ, ಎಲ್ಲರಿಗೂ ಒಂದೇ ಅಳತೆಯ ಬಿಳಿಗಲ್ಲು. ಹುಲ್ಲನ್ನು ಒಪ್ಪವಾಗಿ ಕತ್ತರಿಸಿ, ಗಿಡಗಳಿಗೆ ನೀರುಣಿಸಿ ಕಾಪಾಡಿದ್ದಾರೆ. ನಮ್ಮ ದೇಶದ ಮುಸ್ಲಿಂ ಸೈನಿಕರಿಗೆ ಸಮಾಧಿಗಳಿವೆ. ಆದರೆ ಹಿಂದೂ ಮತ್ತು ಸಿಖ್ ಸೈನಿಕರ ದೇಹಗಳನ್ನು ಅವರವರ ಧರ್ಮದಂತೆ ದಹಿಸಿದ್ದರಿಂದ ಅವರಿಗೆ ಪ್ರತ್ಯೇಕ ಕಲ್ಲುಗಳಿಲ್ಲ. ಐನೂರಕ್ಕೂ ಹೆಚ್ಚು ಹೆಸರುಗಳನ್ನು ಒಂದೇ ಸ್ಮಾರಕದಲ್ಲಿ ಕೆತ್ತಿದ್ದಾರೆ. ಸಾಲುಸಾಲು ಸಮಾಧಿಗಳನ್ನು ನೋಡಿ ಮರಳುವವರ ಕಣ್ಣಿಗೆ ಅದು ಬೀಳದೆಯೂ ಹೋಗಬಹುದು. ಇಲ್ಲಿ ಕೂಡಿ ಹೋರಾಡಿದವರ ಲೆಕ್ಕವನ್ನು ಸಮಾಧಿಗಳ ಎಣಿಕೆಯಿಂದ ಹಾಕಿದರೆ ನಮ್ಮವರ ಪಾಲು ಕಡಿಮೆಯೆಂದೇ ತೋರುತ್ತದೆ ಎಂಬುದು ನನಗೆ ಅಲ್ಲಿ ನಿಂತಾಗ ಮನವರಿಕೆಯಾಯಿತು. ನಾನು ಆ ಹೆಸರುಗಳನ್ನು ಒಂದೊಂದಾಗಿ, ಕೇಳಿಸುವಂತೆ ಓದಿದೆ. ಎಷ್ಟೋ ಹೆಸರುಗಳು ನಮ್ಮ ಗಲ್ಲಿಯಲ್ಲಿ ದಿನವೂ ಕೇಳುವಂಥವೇ ಆಗಿದ್ದವು, ಅಪ್ಪಾ.

ಅಲ್ಲಿಂದ ಬೆಟ್ಟಗಳನ್ನು ದಾಟಿ ಕಸ್ಸೀನೊಗೆ ಹೋದೆ. 1944ರ ಫೆಬ್ರುವರಿ 15ರಂದು ಬಾಂಬು ಸುರಿದು ಕೆಡವಿದ ಬೆಟ್ಟದ ಮೇಲಿನ ಮಠವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಎಲ್ಲರೂ ಮಠ ನೋಡಲು ಹೋಗುತ್ತಾರೆ. ನಾನು ಹುಡುಕಿದ್ದು ಕೆಳಗೆ ಮಡಿದ ಸೈನಿಕರ ಸ್ಮಾರಕದಲ್ಲಿ ಕೆತ್ತಿರುವ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಯಶವಂತ ಘಾಡಗೆ ಎಂಬ ಒಂದು ಹೆಸರನ್ನು.

ಅವರು ಮರಾಠಾ ದಳದ ಮೂರನೆಯ ಬಟಾಲಿಯನ್ನಿನಲ್ಲಿ ನಾಯಕ್ ಎಂಬ ದರ್ಜೆಯ ಸೈನಿಕರು. ಈಗಿನ ಮಹಾರಾಷ್ಟ್ರದ ಕೊಂಕಣ ಭಾಗದವರು. 1944ರ ಜುಲೈ 10ರಂದು ಮೇಲಣ ಟೈಬರ್ ಕಣಿವೆಯಲ್ಲಿ, ನಾನೀಗ ಕುಳಿತು ಬರೆಯುತ್ತಿರುವ ಈ ಊರಿನ ಬಳಿಯಲ್ಲಿ, ಶತ್ರುವಿನ ಮಷಿನ್‌ಗನ್ನಿನ ಗುಂಡುಗಳಿಗೆ ಅವರ ತುಕಡಿಯ ಉಳಿದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಒಬ್ಬರೇ ಮುನ್ನುಗ್ಗಿದ ಅವರು ಗ್ರೆನೇಡ್ ಎಸೆದು ಆ ಗನ್ನನ್ನು ಸುಮ್ಮನಾಗಿಸಿದರು. ಗುಂಡು ತುಂಬಲು ಸಮಯವಿಲ್ಲದಾಗ ಬಂದೂಕಿನ ಹಿಡಿಯಿಂದಲೇ ಹೊಡೆದಾಡಿ, ತಾವು ಗೆದ್ದ ಠಾಣೆಯಲ್ಲಿಯೇ ಮರೆಯಿಂದ ಬಂದ ಗುಂಡಿಗೆ ಪ್ರಾಣಬಿಟ್ಟರು. ಮರಣೋತ್ತರವಾಗಿ ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಈ ಪುಟ್ಟ ಊರಿನವರು 2023ರ ಜುಲೈನಲ್ಲಿ ಅವರ ಹೆಸರಿನಲ್ಲಿ ನೆರಳುಗಡಿಯಾರದ ಸ್ಮಾರಕವೊಂದನ್ನು ಅನಾವರಣಗೊಳಿಸಿದರು.

ನಮ್ಮ ದೇಶವೇ ಸ್ವತಂತ್ರವಾಗಿರದ ಕಾಲದಲ್ಲಿ ಇವರು ಬೇರೆಯವರ ನೆಲದ ಬಿಡುಗಡೆಗಾಗಿ ಸತ್ತರು. ಬ್ರಿಟಿಷರ ಸೈನ್ಯದಲ್ಲಿದ್ದರೆಂಬ ಕಾರಣಕ್ಕೆ ಅವರನ್ನು ನಾವು ಬದಿಗಿಟ್ಟದ್ದು ನ್ಯಾಯವಲ್ಲವೆಂದು ನನಗೆ ದೃಢವಾಗಿ ಅನ್ನಿಸುತ್ತದೆ. ಸೇರಿದ್ದು ಸಂಬಳಕ್ಕಾಗಿಯೇ ಆಗಿದ್ದರೂ, ಆ ಸಂಬಳವನ್ನು ಕಾಯುತ್ತಿದ್ದ ಮನೆಗಳು ನಮ್ಮ ಸುತ್ತಲಿನ ಊರುಗಳಂತಹ ಊರುಗಳಲ್ಲಿಯೇ ಇದ್ದವು.

ನೀವು ಪಾಠ ಹೇಳಿಕೊಡುವ ಮಕ್ಕಳಿಗೆ ಘಾಡಗೆಯವರ ಕಥೆಯನ್ನು ಹೇಳಬೇಕೆಂದು ಕೋರುತ್ತೇನೆ. ನಾಳೆ ಫೋರ್ಲಿ ಪಟ್ಟಣದ ಭಾರತೀಯ ಸೇನೆಯ ಸಮಾಧಿ ಸ್ಥಳಕ್ಕೂ, ಅಲ್ಲಿಂದ ಮರಾಠಾ ದಳದ ಸಿಪಾಯಿ ನಾಮದೇವ ಜಾಧವ ಅವರು 1945ರ ಏಪ್ರಿಲ್ 9ರಂದು ಗಾಯಾಳುಗಳಿಬ್ಬರನ್ನು ಹೊತ್ತು ದಾಟಿಸಿದ ಸೆನಿಯೊ ನದಿಗೂ ಹೋಗುವೆನು. ಅಲ್ಲಿಯ ವಿವರಗಳನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಅವ್ವನಿಗೆ ಈ ಪತ್ರವನ್ನು ಪೂರ್ತಿಯಾಗಿ ಓದಿ ಹೇಳಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು