ಮಗಳಿಗೊಂದು ಪತ್ರ: ಪ್ಯಾಕರ್ಸ್, ಪಾರ್ಸನ್ಸ್ ಮತ್ತು ಎರಡು ಪಿಕ್

ಆಪಲ್‌ಟನ್, ವಿಸ್ಕಾನ್ಸಿನ್
ಸೆಪ್ಟೆಂಬರ್ 2025

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನಗೆ ಅರ್ಧಂಬರ್ಧ ಉತ್ತರ ಕೊಟ್ಟೆ. ಅಪ್ಪ ಬೇರೆ ಪಕ್ಕದಿಂದ ಬಾಯಿ ಹಾಕುತ್ತಿದ್ದರು. ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕಾ ಪಾರ್ಸನ್ಸ್‌ನನ್ನು ಕೌಬಾಯ್ಸ್ ತಂಡದವರು ನಮ್ಮ ಗ್ರೀನ್ ಬೇ ಪ್ಯಾಕರ್ಸ್‌ಗೆ ಕೊಟ್ಟುಬಿಟ್ಟರು ಅಂತ ನಿಮ್ಮ ಡಲ್ಲಾಸ್ ಆಫೀಸಿನಲ್ಲಿ ಯಾರಿಗೂ ಊಟ ಸೇರುತ್ತಿಲ್ಲ ಅಂದೆಯಲ್ಲ. ಆಮೇಲೆ ನನಗೇ ತಿರುಗಿಸಿದೆ: "ಯಾವಾಗ ನೋಡಿದರೂ ಡ್ರಾಫ್ಟ್ ಡ್ರಾಫ್ಟ್ ಅಂತ ಜಪ ಮಾಡುತ್ತಿದ್ದೆ. ಈಗ ಎರಡು ವರ್ಷದ ಮೊದಲ ರೌಂಡ್ ಪಿಕ್ ಕೊಟ್ಟಿದ್ದಾರಂತೆ, ನಿನಗೆ ಹೇಗಮ್ಮ ಖುಷಿ?"

ಒಳ್ಳೆ ಪ್ರಶ್ನೆ. ಭಾನುವಾರ ಮ್ಯಾಚ್ ಶುರುವಾದರೆ ರೂಮಿನ ಬಾಗಿಲು ಹಾಕಿಕೊಂಡು ಓದುತ್ತಿದ್ದವಳು ಕೇಳಿದಳು ಅನ್ನೋದೇ ನನಗೆ ಇನ್ನೂ ಜಾಸ್ತಿ ಖುಷಿ. ಅದಕ್ಕೆ ಬುಡದಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಐಪಿಎಲ್ ಹರಾಜು ನಿನಗೆ ಗೊತ್ತು. ಅಲ್ಲಿ ದುಡ್ಡು ಕೂಗುತ್ತಾರೆ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ಫುಟ್‌ಬಾಲ್ ಲೀಗಿನಲ್ಲಿ, ಕಾಲೇಜಿನಿಂದ ಬರುವ ಹುಡುಗರನ್ನು ಪ್ರತಿ ಏಪ್ರಿಲ್‌ನಲ್ಲಿ 32 ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್, ಒಂದೊಂದು ಸರದಿಯೂ ಒಂದು ಪಿಕ್. ಒಟ್ಟು ಏಳು ರೌಂಡ್. ಹೋದ ವರ್ಷ ತೀರಾ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದವರಿಗೆ ಕೊನೆಯದು. ನಮ್ಮವರು ಸುಮಾರಾಗಿ ಗೆಲ್ಲುತ್ತಲೇ ಇರುವುದರಿಂದ ಸಾಲಿನಲ್ಲಿ ಹಿಂದೆಯೇ ನಿಲ್ಲಬೇಕು, ಬೇರೆಯವರು ಬಿಟ್ಟದ್ದರಲ್ಲಿ ಹುಡುಕಬೇಕು. ಹೀಗೆ ಬಂದ ಹುಡುಗರ ಮೊದಲ ನಾಲ್ಕು ವರ್ಷದ ಸಂಬಳ ಮೊದಲೇ ನಿಗದಿ, ಮಾರ್ಕೆಟ್ ರೇಟಿಗಿಂತ ಎಷ್ಟೋ ಕಡಿಮೆ. ಒಂದು ತಂಡ ಸಂಬಳಕ್ಕೆ ಒಟ್ಟು ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೂ ಮಿತಿ ಇದೆ. ಅಂದಮೇಲೆ ಕಡಿಮೆ ಸಂಬಳದ ಒಳ್ಳೆ ಹುಡುಗರು ಜಾಸ್ತಿ ಇರುವ ತಂಡವೇ ಜೋರು.

ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಕಾಯುವ ತಾಳ್ಮೆ ಎಲ್ಲರಿಗೂ ಇರಲ್ಲ. ನಿಮ್ಮ ಡಲ್ಲಾಸ್‌ನಲ್ಲಿ ಜೆರ್ರಿ ಜೋನ್ಸ್ ಅವರೇ ಮಾಲೀಕರು, ಅವರೇ ಜನರಲ್ ಮ್ಯಾನೇಜರ್. ನಮಗೆ ಮಾಲೀಕರೇ ಇಲ್ಲ. ಇದ್ದಾರೆ ಅಂದರೆ ಐದು ಲಕ್ಷಕ್ಕೂ ಮೇಲೆ ಇದ್ದೇವೆ. ಹಾಲ್‌ನಲ್ಲಿ ಫ್ರೇಮ್ ಹಾಕಿಟ್ಟಿದ್ದೇನಲ್ಲ, ಅಪ್ಪ 300 ಡಾಲರ್ ಕೊಟ್ಟು ತಂದ ಶೇರು, ಅದಕ್ಕೆ ಡಿವಿಡೆಂಡ್ ಇಲ್ಲ, ಮಾರುವ ಹಾಗೂ ಇಲ್ಲ. ಭದ್ರಾವತಿಗಿಂತ ಚಿಕ್ಕದಾದ ಗ್ರೀನ್ ಬೇ ಅನ್ನುವ ಊರು 1919ರಿಂದ ತಂಡ ಉಳಿಸಿಕೊಂಡಿರುವುದು ಹೀಗೆ. "ಈ ವರ್ಷವೇ ಕಪ್ ಬೇಕು, ಎಷ್ಟಾದರೂ ಆಗಲಿ" ಅಂತ ಮೇಜು ಕುಟ್ಟುವ ಸಾಹುಕಾರ ಇಲ್ಲದ್ದರಿಂದ ನಮ್ಮ ಜನರಲ್ ಮ್ಯಾನೇಜರ್ ಮೂರು ವರ್ಷ ಬಿಟ್ಟು ಆಡುವ ಹುಡುಗನನ್ನು ಇವತ್ತು ತರಬಹುದು.

2005ರಲ್ಲಿ ಆಗಿನ ಜನರಲ್ ಮ್ಯಾನೇಜರ್ ಟೆಡ್ ಥಾಂಪ್ಸನ್ ಅದನ್ನೇ ಮಾಡಿದರು. ಚೆಂಡೆಸೆದು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ಗೆ ಆಗ 35, ಇನ್ನೂ ಗಟ್ಟಿಮುಟ್ಟಾಗಿ ಆಡುತ್ತಿದ್ದ. ಆ ವರ್ಷದ ಡ್ರಾಫ್ಟ್‌ನಲ್ಲಿ ಆರನ್ ರಾಜರ್ಸ್ ಅನ್ನುವ ಹೊಸ ಕ್ವಾರ್ಟರ್‌ಬ್ಯಾಕ್ ಮೊದಲನೆಯವನಾಗಿ ಹೋಗಬಹುದು ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಅವನು ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಕೂತ, ಒಬ್ಬರ ನಂತರ ಒಬ್ಬರು ಅವನನ್ನು ದಾಟಿಕೊಂಡು ಹೋದರು. 24ನೆಯ ಪಿಕ್ ನಮ್ಮದು. ಥಾಂಪ್ಸನ್ ತೆಗೆದುಕೊಂಡರು. ಮೂರು ಸೀಸನ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. 2008ರಲ್ಲಿ ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳಿಸಿದಾಗ ಊರಿಗೆ ಊರೇ ಬೈಯಿತು. 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಸೂಪರ್ ಬೌಲ್ ಗೆದ್ದುಕೊಟ್ಟ.

ಅಜ್ಜನ ತೋಟ ನೆನಪಿದೆಯಾ? ಹಳೆ ಅಡಿಕೆ ಮರ ಇನ್ನೂ ಗೊನೆ ಬಿಡುತ್ತಿರುವಾಗಲೇ ಪಕ್ಕದಲ್ಲಿ ಸಸಿ ನೆಡುತ್ತಿದ್ದರು. ಮರ ಸತ್ತ ಮೇಲೆ ನೆಟ್ಟರೆ ಐದಾರು ವರ್ಷ ಆ ಜಾಗ ಖಾಲಿ. ಥಾಂಪ್ಸನ್ ಮಾಡಿದ್ದೂ ಅಷ್ಟೇ.

2020ರಲ್ಲಿ ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಇದನ್ನೇ ಇನ್ನೊಂದು ಸಲ ಮಾಡಿದರು. ರಾಜರ್ಸ್‌ಗೆ ಆಗ 36. ಸೂಪರ್ ಬೌಲ್‌ಗೆ ಒಂದೇ ಮ್ಯಾಚ್ ಬಾಕಿ ಇರುವಾಗ ಸೋತು ಬಂದಿದ್ದೆವು. ಎಸೆದ ಚೆಂಡು ಹಿಡಿಯುವ ಒಬ್ಬ ರಿಸೀವರ್ ಬಂದರೆ ಸಾಕು ಅಂತ ಎಲ್ಲರೂ ಕಾಯುತ್ತಿದ್ದರೆ ಇವರು ನಾಲ್ಕನೆ ರೌಂಡಿನ ಪಿಕ್ ಕೊಟ್ಟು 30ರಿಂದ 26ಕ್ಕೆ ಏರಿ, ಜೋರ್ಡನ್ ಲವ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಅಪ್ಪ ಆ ರಾತ್ರಿ ಟಿವಿ ಆರಿಸಿ ಮಲಗಿಬಿಟ್ಟರು. ಸಿಟ್ಟಿಗೋ ಛಲಕ್ಕೋ, ರಾಜರ್ಸ್ ಮುಂದಿನ ಎರಡು ವರ್ಷವೂ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ, ಆದ. ಲವ್ ಕೂಡ ಮೂರು ಸೀಸನ್ ಕಾದ. 2023ರಲ್ಲಿ ರಾಜರ್ಸ್ ಹೋಗಿದ್ದು ಎಲ್ಲಿಗೆ ಗೊತ್ತಾ? ಅದೇ ಜೆಟ್ಸ್‌ಗೆ! ಆ ವರ್ಷ ಲೀಗಿನಲ್ಲೇ ಅತಿ ಚಿಕ್ಕ ವಯಸ್ಸಿನ ತಂಡ ಕಟ್ಟಿಕೊಂಡು ಲವ್ ಪ್ಲೇಆಫ್‌ಗೆ ಹೋಗಿ ಡಲ್ಲಾಸ್‌ನಲ್ಲೇ ಡಲ್ಲಾಸನ್ನು 48-32ರಲ್ಲಿ ಹೊಡೆದ. ಇದನ್ನು ಆಫೀಸಿನಲ್ಲಿ ಹೇಳಬೇಡ, ಸುಮ್ನೆ ನಿನಗೆ ಗೊತ್ತಿರಲಿ.

ರಿಸೀವರ್ ವಿಷಯ ಬಂತಲ್ಲ, ಅದು ನನಗೆ ಬಲು ಇಷ್ಟ. 2002ರ ನಂತರ ನಾವು ಮೊದಲ ರೌಂಡಿನಲ್ಲಿ ಒಬ್ಬ ರಿಸೀವರನ್ನೂ ತಂದಿರಲಿಲ್ಲ. ಗ್ರೆಗ್ ಜೆನ್ನಿಂಗ್ಸ್, ಜೋರ್ಡಿ ನೆಲ್ಸನ್, ರ್‍ಯಾಂಡಲ್ ಕಾಬ್, ಡವಾಂಟೆ ಆಡಮ್ಸ್, ಎಲ್ಲರೂ ಎರಡನೆ ರೌಂಡಿನವರು. ಡೊನಾಲ್ಡ್ ಡ್ರೈವರ್ ಅಂತೂ ಏಳನೆಯದು. ಈ ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇಯಲ್ಲೇ ನಡೆಯಿತಲ್ಲ, ಅಲ್ಲಿ 23ನೆಯ ಪಿಕ್‌ಗೆ ರಿಸೀವರ್ ಮ್ಯಾಥ್ಯೂ ಗೋಲ್ಡನ್ ಹೆಸರು ಕೂಗಿದಾಗ ನನ್ನ ಪಕ್ಕದಲ್ಲಿ ಚೀಸಿನ ಟೋಪಿ ಹಾಕಿ ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ತಬ್ಬಿಕೊಂಡೇ ಬಿಟ್ಟರು. ಪರಿಚಯ ಇಲ್ಲ, ಏನಿಲ್ಲ.

ಜುಲೈ ಕೊನೆಯಲ್ಲಿ ಕ್ಯಾಂಪ್ ನೋಡಲು ಹೋಗಿದ್ದೆ. ಆಟಗಾರರು ನಮ್ಮ ಲ್ಯಾಂಬೋ ಸ್ಟೇಡಿಯಂನಿಂದ ಪ್ರಾಕ್ಟೀಸ್ ಮೈದಾನಕ್ಕೆ ಊರಿನ ಮಕ್ಕಳ ಸೈಕಲ್ ತೆಗೆದುಕೊಂಡು ಹೋಗುತ್ತಾರೆ, ಹಳೆ ಕಾಲದಿಂದ ಬಂದ ಪದ್ಧತಿ. ಒಬ್ಬ ಹೊಸ ಹುಡುಗ, ಬೆಟ್ಟದಂಥ ಆಳು, ಹ್ಯಾಂಡಲ್‌ಗೆ ರಿಬ್ಬನ್ ಕಟ್ಟಿದ ಗುಲಾಬಿ ಸೈಕಲ್ ಮೇಲೆ. ಮೊಣಕಾಲು ಎದೆಗೆ ತಾಗುತ್ತಿತ್ತು. ಸೈಕಲ್ಲಿನ ಒಡತಿ ಅವನ ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದಳು. ಏಪ್ರಿಲ್‌ನಲ್ಲಿ ಪಟ್ಟಿಯಲ್ಲಿ ಬರೀ ಹೆಸರಾಗಿದ್ದವನು ಹೀಗೆ ಊರಿನವನಾಗುತ್ತಾನೆ.

ಈಗ ನಿನ್ನ ಪ್ರಶ್ನೆ. ಡ್ರಾಫ್ಟ್ ಅಂದರೆ ದೇವರ ಪ್ರಸಾದ ಅಂತೇನೂ ನಾನು ನಂಬಿಲ್ಲ. 1989ರಲ್ಲಿ ನಮಗೆ ಎರಡನೆಯ ಪಿಕ್ ಇತ್ತು. ಟೋನಿ ಮ್ಯಾಂಡರಿಚ್‌ನನ್ನು ತಂದೆವು. ಮೂರನೆಯವನಾಗಿ ಹೋದವನು ಬ್ಯಾರಿ ಸ್ಯಾಂಡರ್ಸ್, ಐದನೆಯವನು ಡಿಯಾನ್ ಸ್ಯಾಂಡರ್ಸ್. ಅವರಿಬ್ಬರೂ ದಿಗ್ಗಜರಾದರು, ಮ್ಯಾಂಡರಿಚ್ ಮಾತ್ರ ಮಿಂಚಲೇ ಇಲ್ಲ. ಇಲ್ಲಿನ ಹಳಬರ ಮುಂದೆ ಈಗಲೂ ಆ ಹೆಸರು ಎತ್ತುವ ಹಾಗಿಲ್ಲ. ಪಿಕ್ ಅಂದರೆ ಒಂದು ಅವಕಾಶ, ಅಷ್ಟೇ. ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಅಂತ ನೋಡಬೇಕು.

ಪಿಕ್ ಕೊಟ್ಟು ನಾವು ಹಾಳಾದದ್ದೂ ಉಂಟು, ಉದ್ಧಾರ ಆದದ್ದೂ ಉಂಟು. 1974ರಲ್ಲಿ ಎರಡು ಮೊದಲ ರೌಂಡ್, ಎರಡು ಎರಡನೆ ರೌಂಡ್, ಒಂದು ಮೂರನೆ ರೌಂಡ್, ಇಷ್ಟನ್ನೂ ಸುರಿದು ಜಾನ್ ಹ್ಯಾಡಲ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಆ ಪೆಟ್ಟಿನಿಂದ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕಾದವು. 1992ರಲ್ಲಿ ಆಗಿನ ಜನರಲ್ ಮ್ಯಾನೇಜರ್ ರಾನ್ ವುಲ್ಫ್ ಒಂದು ಮೊದಲ ರೌಂಡ್ ಪಿಕ್ ಕೊಟ್ಟು ಅಟ್ಲಾಂಟಾದಲ್ಲಿ ಮೂಲೆಗೆ ಬಿದ್ದಿದ್ದ ಫಾರ್ವ್‌ನನ್ನು ತಂದರು. ವ್ಯತ್ಯಾಸ ಏನು? ಹ್ಯಾಡಲ್‌ಗೆ 34, ಫಾರ್ವ್‌ಗೆ 22. ಪಾರ್ಸನ್ಸ್‌ಗೆ ಈಗ 26. ಆಡಿದ ನಾಲ್ಕು ಸೀಸನ್‌ನಲ್ಲೂ 12 ಅಥವಾ ಅದಕ್ಕಿಂತ ಜಾಸ್ತಿ ಸ್ಯಾಕ್, ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಚೆಂಡಿನ ಸಮೇತ ಕೆಡವಿದ್ದು. ಮೊದಲ ನಾಲ್ಕು ವರ್ಷ ಹಾಗೆ ಆಡಿದ ಇನ್ನೊಬ್ಬ ರೆಜ್ಜಿ ವೈಟ್. 1993ರಲ್ಲಿ ಅವನೂ ಹೊರಗಿನಿಂದಲೇ ನಮ್ಮಲ್ಲಿಗೆ ಬಂದವನು.

ಪಾರ್ಸನ್ಸ್ 12ನೆಯವನಾಗಿ ಹೋದ ಅದೇ 2021ರ ಡ್ರಾಫ್ಟ್‌ನಲ್ಲಿ ನಮಗೆ 29ನೆಯ ಪಿಕ್‌ಗೆ ಸಿಕ್ಕಿದ್ದು ಎರಿಕ್ ಸ್ಟೋಕ್ಸ್. ಒಳ್ಳೆಯ ಹುಡುಗ, ಪಾಪ, ಗಾಯಗಳಿಂದ ಬಳಲಿದ. ನಾಲ್ಕು ವರ್ಷ ಮುಗಿಸಿ ಈ ವರ್ಷ ಲಾಸ್ ವೇಗಸ್‌ಗೆ ಹೋದ. ಸಾಲಿನ ಹಿಂದೆ ನಿಂತವರಿಗೆ ಸಿಗುವುದು ಸಾಮಾನ್ಯವಾಗಿ ಅಂಥವರೇ. ಪಾರ್ಸನ್ಸ್‌ನಂಥವನು ಅಲ್ಲಿಯವರೆಗೆ ಉಳಿಯಲ್ಲ.

ಇನ್ನೊಂದು ಲೆಕ್ಕ ಇದೆ, ಇದೇ ಮುಖ್ಯ. ಹೋದ ವರ್ಷ ಲವ್‌ಗೆ ನಾಲ್ಕು ವರ್ಷಕ್ಕೆ 22 ಕೋಟಿ ಡಾಲರ್ ಕಾಂಟ್ರಾಕ್ಟ್ ಬರೆದುಕೊಟ್ಟಿದ್ದಾರೆ. 2022, 2023ರಲ್ಲಿ ಬಂದ ಹುಡುಗರ ಕಡಿಮೆ ಸಂಬಳದ ವರ್ಷಗಳು ಮುಗಿಯುತ್ತಾ ಬಂದಿವೆ. ಎಲ್ಲರನ್ನೂ ಇಟ್ಟುಕೊಳ್ಳಲು ಆಗಲ್ಲ. ಇಪ್ಪತ್ತು ವರ್ಷ ತಾಳ್ಮೆಯಿಂದ ಕೂಡಿಟ್ಟದ್ದನ್ನು ಖರ್ಚು ಮಾಡುವ ಹೊತ್ತು ಇದೇ. ಬರೀ ಕೂಡಿಡುತ್ತಾ ಹೋದರೆ ಅದು ಜಿಪುಣತನ ಆಗುತ್ತದೆ. ಥಾಂಪ್ಸನ್ ಅವರ ಕೊನೆಯ ವರ್ಷಗಳಲ್ಲಿ ಸ್ವಲ್ಪ ಹಾಗೇ ಆಗಿತ್ತು ಅನ್ನೋದು ನನ್ನ ಅಭಿಪ್ರಾಯ, ಅಪ್ಪ ಒಪ್ಪಲ್ಲ.

ನನಗೆ ಹೊಟ್ಟೆ ಉರಿದದ್ದು ಪಿಕ್‌ಗಳಿಗಲ್ಲ, ಕೆನ್ನಿ ಕ್ಲಾರ್ಕ್‌ಗೆ. ಅವನನ್ನೂ ಅದೇ ವ್ಯವಹಾರದಲ್ಲಿ ನಿಮ್ಮೂರಿಗೆ ಕಳಿಸಿದರು. 2016ರಲ್ಲಿ 27ನೆಯವನಾಗಿ ಬಂದವನು, ಒಂಬತ್ತು ಸೀಸನ್ ನಮ್ಮ ರಕ್ಷಣಾ ಸಾಲಿನ ನಡುವಿನಲ್ಲಿ ನಿಂತು ಇಬ್ಬಿಬ್ಬರ ಭಾರ ಹೊತ್ತ. ಅವನ ಜಾಗ ತುಂಬುವವರು ಯಾರು ಅಂತ ನನಗೆ ಇನ್ನೂ ಕಾಣುತ್ತಿಲ್ಲ. ಓಡುವ ಆಟ ಆಡುವ ತಂಡ ಬಂದಾಗ ಗೊತ್ತಾಗುತ್ತದೆ.

ಈ 28ಕ್ಕೆ, ಭಾನುವಾರ ರಾತ್ರಿ, ಅಲ್ಲೇ ಆರ್ಲಿಂಗ್ಟನ್‌ನಲ್ಲಿ ನಮ್ಮಿಬ್ಬರ ಮ್ಯಾಚ್. ಅಪ್ಪ ಶುಕ್ರವಾರದ ವಿಮಾನ ನೋಡುತ್ತಿದ್ದಾರೆ. ಆಟದ ಟಿಕೆಟ್ ರೇಟು ನೋಡಿ ಬಾಯಿ ಬಿಟ್ಟಿದ್ದಾರೆ, ಹಾಗಾಗಿ ನಿನ್ನ ಮನೆಯ ಟಿವಿಯೇ ಗತಿ. ಸೋಫಾ ಮೇಲಿನ ಬಟ್ಟೆ ರಾಶಿ ಎತ್ತಿಡು. ಆಫೀಸಿನವರನ್ನೂ ಶನಿವಾರ ಊಟಕ್ಕೆ ಕರಿ, ಬಿಸಿಬೇಳೆಬಾತ್ ಮಾಡುತ್ತೇನೆ, ಪುಡಿ ಇಲ್ಲಿಂದಲೇ ತರುತ್ತೇನೆ. ಭಾನುವಾರ ಮಾತ್ರ ಕರೀಬೇಡ.

ನಿನ್ನ
ಅಮ್ಮ