ಬೆಟ್ಟದಾಚೆಯವರ ನದಿ

ಪ್ರಿಯ ಶ್ರೀಧರ,

ಅಮೆರಿಕ ಪಶ್ಚಿಮಕ್ಕೆ ಬೆಳೆದ ಕಥೆ ಎಂದರೆ ಬಂಡಿಗಳ ಸಾಲು, ಬಂದೂಕು, ಕ್ಯಾಲಿಫೋರ್ನಿಯಾದ ಚಿನ್ನ ಇವೇ ಎಲ್ಲರಿಗೂ ನೆನಪಾಗುತ್ತವೆ. ಅದಕ್ಕೂ ಅರ್ಧ ಶತಮಾನ ಮೊದಲೇ, ಆ ದೇಶಕ್ಕೆ ಈಗಿನ ಸಂವಿಧಾನ ಬರುವ ಮುನ್ನವೇ, ಮಿಸಿಸಿಪ್ಪಿ ಎಂಬ ಒಂದು ನದಿಯ ಸಲುವಾಗಿ ಒಕ್ಕೂಟ ಬಿಟ್ಟುಹೋಗುವ ಮಾತು ಕೇಳಿಬಂದಿತ್ತು. ನೀನೀಗ ನೆಲೆಸಿರುವ ಕೆಂಟಕಿಯ ಲೂಯಿವಿಲ್ ಊರು ಆ ಜಗಳದ ಹಾದಿಯಲ್ಲೇ ಇದೆ. ಹಾಗಾಗಿ ಇದನ್ನು ನಿನಗೇ ಬರೆಯಬೇಕೆನ್ನಿಸಿತು.

1780ರ ದಶಕದಲ್ಲಿ ಅಪಲೇಶಿಯನ್ ಬೆಟ್ಟಸಾಲು ದಾಟಿ ಕೆಂಟಕಿಗೆ ಬಂದ ರೈತರಿಗೆ ಬೆಳೆ ಚೆನ್ನಾಗಿಯೇ ಬಂತು. ಮಾರುವುದೆಲ್ಲಿ? ಬೆಟ್ಟ ಹತ್ತಿಸಿ ಫಿಲಡೆಲ್ಫಿಯಾಕ್ಕೆ ಒಯ್ದರೆ ಸಾಗಣೆಯ ಖರ್ಚೇ ಲಾಭವನ್ನೆಲ್ಲ ನುಂಗಿಬಿಡುತ್ತಿತ್ತು. ಆದ್ದರಿಂದ ಅವರು ಚಪ್ಪಟೆ ತಳದ ಮರದ ದೋಣಿ ಕಟ್ಟಿ, ಹಿಟ್ಟು, ತಂಬಾಕು, ಉಪ್ಪು ಹಾಕಿದ ಹಂದಿಮಾಂಸ, ವಿಸ್ಕಿಯ ಪೀಪಾಯಿಗಳನ್ನು ತುಂಬಿ ಓಹಾಯೊ ನದಿಗೆ ಬಿಡುತ್ತಿದ್ದರು. ನಿಮ್ಮೂರಿನ ಬಳಿ ನದಿ ಬಂಡೆಗಳ ಮೇಲೆ ಇಳಿಯುತ್ತದಲ್ಲ, ಅಲ್ಲಿ ನೀರು ಕಡಿಮೆಯಿದ್ದರೆ ಸರಕನ್ನು ಇಳಿಸಿ ದಡದ ಮೇಲೆ ಸಾಗಿಸಬೇಕಿತ್ತು. ಊರು ಬೆಳೆದದ್ದೇ ಆ ತಡೆಯಿಂದ. ಮುಂದೆ ಮಿಸಿಸಿಪ್ಪಿ, ಅದರ ಕೊನೆಗೆ ನ್ಯೂ ಆರ್ಲಿಯನ್ಸ್. ಅಂಥ ದೋಣಿ ಪ್ರವಾಹದ ವಿರುದ್ಧ ಹಿಂದಿರುಗಲಾರದು. ಅದನ್ನು ಅಲ್ಲಿಯೇ ಬಿಚ್ಚಿ, ಹಲಗೆಗಳನ್ನೂ ಮಾರಿ, ನ್ಯಾಚೆಜ್‌ನಿಂದ ನ್ಯಾಶ್‌ವಿಲ್‌ವರೆಗೆ ಸುಮಾರು 700 ಕಿಲೋಮೀಟರ್ ಕಾಡುದಾರಿಯಲ್ಲಿ ನಡೆದು ಮನೆ ಸೇರಬೇಕು. ಆ ದಾರಿ ಹಾದುಹೋಗುತ್ತಿದ್ದುದು ಚೋಕ್ಟಾ ಮತ್ತು ಚಿಕಸಾ ಮೂಲನಿವಾಸಿ ಜನರ ನೆಲದ ಮೂಲಕ.

ಆಗ ನ್ಯೂ ಆರ್ಲಿಯನ್ಸ್ ಸ್ಪೇನಿನ ಕೈಯಲ್ಲಿತ್ತು. 1784ರಲ್ಲಿ ಸ್ಪೇನ್ ಮಿಸಿಸಿಪ್ಪಿಯ ಕೆಳಭಾಗವನ್ನು ಅಮೆರಿಕದವರಿಗೆ ಮುಚ್ಚಿತು. ಎರಡು ವರ್ಷಗಳ ನಂತರ ವಿದೇಶಾಂಗ ಕಾರ್ಯದರ್ಶಿ ಜಾನ್ ಜೇ, ಸ್ಪೇನಿನ ಜೊತೆ ವ್ಯಾಪಾರ ಒಪ್ಪಂದ ಕುದುರುವುದಾದರೆ 25-30 ವರ್ಷ ನದಿಯ ಹಕ್ಕನ್ನು ಕೈಬಿಡೋಣ ಎಂದು ಕಾಂಗ್ರೆಸ್ಸಿನ ಮುಂದೆ ಹೋದ. ಉತ್ತರದ ಏಳು ರಾಜ್ಯಗಳು ಹೂಂ ಎಂದವು, ದಕ್ಷಿಣದ ಐದು ರಾಜ್ಯಗಳು ಬೇಡವೆಂದವು. ಒಪ್ಪಂದಕ್ಕೆ ಒಂಬತ್ತು ರಾಜ್ಯಗಳ ಸಮ್ಮತಿ ಬೇಕಿದ್ದರಿಂದ ಅದು ಅಲ್ಲಿಗೇ ನಿಂತಿತು. ಆದರೆ ಸುದ್ದಿ ಬೆಟ್ಟ ದಾಟಿತು. ಕರಾವಳಿಯ ವರ್ತಕರ ಲಾಭಕ್ಕಾಗಿ ತಮ್ಮ ಅನ್ನಕ್ಕೆ ಕಲ್ಲು ಹಾಕಲು ಹೊರಟವರನ್ನು ಕೆಂಟಕಿಯವರು ಹೇಗೆ ನಂಬಬೇಕು? ಅವರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಭಾವನೆ. ಕೆಂಟಕಿ ಆಗಿನ್ನೂ ವರ್ಜೀನಿಯಾ ರಾಜ್ಯದ ಭಾಗ. 1788ರಲ್ಲಿ ದೇಶದ ಹೊಸ ಸಂವಿಧಾನವನ್ನು ಒಪ್ಪಬೇಕೇ ಬೇಡವೇ ಎಂದು ವರ್ಜೀನಿಯಾ ಚರ್ಚಿಸಿದಾಗ, ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿ ವಿರೋಧಕ್ಕೆ ಬಳಸಿದ ಅಸ್ತ್ರಗಳಲ್ಲಿ ಮಿಸಿಸಿಪ್ಪಿಯೂ ಒಂದು.

ಇಂಥ ಸಮಯಕ್ಕೆ ಕಾದಿದ್ದವನು ಕೆಂಟಕಿಯಲ್ಲಿ ನೆಲೆಸಿದ್ದ ಮಾಜಿ ಸೇನಾಧಿಕಾರಿ ಜೇಮ್ಸ್ ವಿಲ್ಕಿನ್ಸನ್. 1787ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಕೆಂಟಕಿಯನ್ನು ಸ್ಪೇನಿನ ಕಡೆಗೆ ಒಲಿಸುವ ಆಸೆ ತೋರಿಸಿ, ಸ್ಪೇನಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಬಂದ. ಅವರಿಂದ ಗುಟ್ಟಾಗಿ ಹಣ ಪಡೆಯುತ್ತಲೇ ಮುಂದೆ ಅಮೆರಿಕದ ಸೇನೆಯ ಅತಿ ಹಿರಿಯ ಅಧಿಕಾರಿಯಾದ!

1795ರಲ್ಲಿ ಅಮೆರಿಕದ ರಾಯಭಾರಿ ಥಾಮಸ್ ಪಿಂಕ್ನಿ ಸ್ಪೇನಿನೊಂದಿಗೆ ಮಾಡಿಕೊಂಡ ಒಪ್ಪಂದದಿಂದ ನದಿ ತೆರೆಯಿತು, ನ್ಯೂ ಆರ್ಲಿಯನ್ಸ್‌ನಲ್ಲಿ ಸರಕು ಇಳಿಸಿಡುವ ಹಕ್ಕೂ ಸಿಕ್ಕಿತು. 1802ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಪ್ಯಾನಿಷ್ ಅಧಿಕಾರಿ ಆ ಹಕ್ಕನ್ನು ಕಿತ್ತುಕೊಂಡ. ಮತ್ತೆ ಯುದ್ಧದ ಮಾತು. ಅಷ್ಟರಲ್ಲಿ ಸ್ಪೇನ್ ಈ ಪ್ರದೇಶವನ್ನು ಫ್ರಾನ್ಸಿಗೆ ಬಿಟ್ಟುಕೊಡಲು ಒಪ್ಪಿತ್ತು. ಹಾಗಾಗಿ ಅಧ್ಯಕ್ಷ ಜೆಫರ್ಸನ್ ತನ್ನ ದೂತ ಜೇಮ್ಸ್ ಮನ್ರೋನನ್ನು ಪ್ಯಾರಿಸ್‌ಗೆ ಕಳುಹಿಸಿದ್ದು ನ್ಯೂ ಆರ್ಲಿಯನ್ಸ್ ಮತ್ತು ಫ್ಲೋರಿಡಾಗಳನ್ನು ಕೊಳ್ಳುವುದಕ್ಕೆ. ನೆಪೋಲಿಯನ್ ಮಿಸಿಸಿಪ್ಪಿಯ ಪಶ್ಚಿಮಕ್ಕೆ ಹರಡಿದ್ದ ಇಡೀ ಲೂಸಿಯಾನ ಪ್ರದೇಶವನ್ನೇ ಮಾರಿದ, 1.5 ಕೋಟಿ ಡಾಲರಿಗೆ. ಅವನು ಹಾಗೆ ಕೈತೊಳೆದುಕೊಳ್ಳಲು ಒಂದು ದೊಡ್ಡ ಕಾರಣ ಈಗಿನ ಹೈಟಿ. ಗುಲಾಮಗಿರಿಯ ಸಂಕೋಲೆ ಕಳಚಿಕೊಂಡವರ ಸೈನ್ಯ ಮತ್ತು ಹಳದಿ ಜ್ವರ ಸೇರಿ ಅಲ್ಲಿ ಫ್ರೆಂಚರ ಪಡೆಯನ್ನು ನೆಲಕಚ್ಚಿಸಿದ್ದವು. ಅಮೆರಿಕದ ನಕ್ಷೆ ದುಪ್ಪಟ್ಟಾದದ್ದರಲ್ಲಿ ಅವರ ಪಾಲಿದೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳದಿರುವುದು ನನಗೆ ಬೇಸರ ತರುತ್ತದೆ. ಆ ನೆಲದಲ್ಲೇ ಬಾಳುತ್ತಿದ್ದ ಓಸೇಜ್ ಮೊದಲಾದ ಮೂಲನಿವಾಸಿ ಜನರನ್ನಂತೂ ಪ್ಯಾರಿಸ್‌ನಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ.

ಪಶ್ಚಿಮದವರ ಮುನಿಸು ಇಳಿಯಿತು, ಈಶಾನ್ಯದವರ ಮುನಿಸು ಏರಿತು. ಹೊಸ ರಾಜ್ಯಗಳು ಹುಟ್ಟಿದಷ್ಟೂ ಸೆನೆಟ್‌ನಲ್ಲಿ ತಮ್ಮ ತೂಕ ಇಳಿಯುತ್ತದೆಂದು ಈಶಾನ್ಯದ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟ್ ಪಕ್ಷದವರು ಹೆದರಿದರು. 1804ರಲ್ಲಿ ಅವರಲ್ಲೊಬ್ಬನಾದ ಸೆನೆಟರ್ ತಿಮೊತಿ ಪಿಕರಿಂಗ್ ಒಕ್ಕೂಟದಿಂದ ಪ್ರತ್ಯೇಕವಾಗುವ ಯೋಚನೆಯನ್ನೇ ಮಾಡಿದ. 1811ರಲ್ಲಿ ಆ ಪ್ರದೇಶದ ದಕ್ಷಿಣ ತುದಿಯ ಈಗಿನ ಲೂಸಿಯಾನಕ್ಕೆ ರಾಜ್ಯದ ಸ್ಥಾನ ಕೊಡುವ ಮಸೂದೆ ಬಂದಾಗ, ಇದು ಅಂಗೀಕಾರವಾದರೆ ಒಕ್ಕೂಟದ ಬಂಧ ಕಳಚಿದಂತೆಯೇ ಎಂದು ಮ್ಯಾಸಚೂಸೆಟ್ಸ್‌ನ ಸದಸ್ಯ ಜೊಸಾಯ ಕ್ವಿನ್ಸಿ ಸಂಸತ್ತಿನಲ್ಲೇ ಘೋಷಿಸಿದ.

ಅದೇ ಖರೀದಿಯ ನೆಲದಲ್ಲಿ ಮಿಸೌರಿ ರಾಜ್ಯವಾಗಲು ಬಂದಾಗ ಮಾತ್ರ ಗುಲಾಮಗಿರಿಯ ಪ್ರಶ್ನೆಯನ್ನು ಮುಚ್ಚಿಡಲಾಗಲಿಲ್ಲ. ಅಲ್ಲಿ ಅದನ್ನು ಕ್ರಮೇಣ ಕೊನೆಗೊಳಿಸಬೇಕೆಂದು 1819ರಲ್ಲಿ ನ್ಯೂಯಾರ್ಕಿನ ಸದಸ್ಯ ಜೇಮ್ಸ್ ಟಾಲ್ಮಡ್ಜ್ ತಂದ ತಿದ್ದುಪಡಿ ಕೆಳಮನೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ಬಿತ್ತು. ಆ ಕಥೆಗೆ ಬೇರೆಯೇ ಪತ್ರ ಬೇಕು, ಬರೆಯುತ್ತೇನೆ. ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್ ಕಡೆ ಹೋಗುವುದಾದರೆ ಸ್ಪೇನಿನ ಆಡಳಿತಕಾಲದ ಪುರಸಭೆಯ ಕಬಿಲ್ಡೊ ಕಟ್ಟಡವನ್ನು ತಪ್ಪದೆ ನೋಡಿ ಬಾ. 1803ರ ಡಿಸೆಂಬರ್ 20ರಂದು ಲೂಸಿಯಾನದ ಹಸ್ತಾಂತರ ನಡೆದದ್ದು ಅಲ್ಲಿಯೇ.

ನಿನ್ನ,
ರಘು