ಸೊಗಡಿನ ಅವರೆಗೆ ನೀರು ಚಿಮುಕಿಸಬೇಡಿ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಹತ್ತಿರವಾದಂತೆ ಗೆಳೆಯರ ಗುಂಪುಗಳು ಗಾಂಧಿ ಬಜಾರ್ ಸುತ್ತಿ, ಸಂಜೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆ ತಿಂದು ಮನೆ ಸೇರುವುದು ಬೆಂಗಳೂರಿನ ಚಳಿಗಾಲದ ದೊಡ್ಡ ಸಡಗರ. ಆದರೆ ಅಂದು ಆಸೆಪಟ್ಟು ಕೊಂಡ ಅವರೆಕಾಯಿ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ಮುಗ್ಗಲು ಹಿಡಿದಿರುತ್ತದೆ. ಇದರಲ್ಲಿ ಮಾರುವವರ ತಪ್ಪೂ ಇದೆ, ಕೊಳ್ಳುವವರದೂ ಇದೆ.

ಅವರೆಯ ಸೊಗಡು, ಅಂದರೆ ಅದರ ವಿಶಿಷ್ಟ ಘಮ, ಇರುವುದು ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ಕಾಯಿ ಬಾಡದಿರಲಿ ಎಂದು ಗುಡ್ಡೆಯ ಮೇಲೆ ಮತ್ತೆ ಮತ್ತೆ ನೀರು ಚಿಮುಕಿಸಿದರೆ ಆ ಜಿಡ್ಡು ತೊಳೆದುಹೋಗುತ್ತದೆ, ಒದ್ದೆ ಕಾಯಿ ಒಳಗೊಳಗೇ ಬಿಸಿಯಾಗಿ ಕೊಳೆಯಲು ಶುರುವಾಗುತ್ತದೆ. ಅದನ್ನೇ ಪ್ಲಾಸ್ಟಿಕ್ ಕವರಿಗೆ ಸುರಿದು ಬಾಯಿ ಕಟ್ಟಿ, ದಿನವಿಡೀ ಹೊತ್ತು ತಿರುಗಿದರೆ ಕೇಳಬೇಕೇ?

ನಾಟಿ ಅವರೆ ಹಗಲು ಕುಗ್ಗಿದ ಮೇಲೆ ಹೂ ಬಿಡುವ ಬೆಳೆ. ಹೆಬ್ಬಾಳ ಅವರೆಯಂಥ ತಳಿಗಳು ಬಂದ ಮೇಲೆ ವರ್ಷವಿಡೀ ಕಾಯಿ ಸಿಗುತ್ತದೆ. ಸೊಗಡಿನ ನಾಟಿ ಕಾಯಿ ಯಾವುದು ಎಂದು ಕಣ್ಣಳತೆಯಲ್ಲಿ ತಿಳಿಯುವುದು ಕಷ್ಟ. ನಾಲ್ಕು ಕಾಯಿ ಅಂಗೈಯಲ್ಲಿ ಉಜ್ಜಿ ನೋಡಿ: ಬೆರಳಿಗೆ ಅಂಟು ಹತ್ತಬೇಕು, ಘಮ ಕೈಯಲ್ಲೇ ಉಳಿಯಬೇಕು. ಸಣ್ಣ ತೂತಿದ್ದರೆ ಒಳಗೆ ಹುಳ ಇರುತ್ತದೆ ಅಥವಾ ತಿಂದು ಹೊರಟಿರುತ್ತದೆ. ಬಲಿತ ಕಾಳು ಹಿತುಕಲು ಒಳ್ಳೆಯದು. ತೀರಾ ಎಳೆಯದು ಬೆರಳ ಸಂದಿಯಲ್ಲೇ ಪಿಚ್ಚೆಂದು ಹಿಟ್ಟಾಗುತ್ತದೆ, ಅದನ್ನು ಉಪ್ಪಿಟ್ಟಿಗೋ ಅಕ್ಕಿರೊಟ್ಟಿಗೋ ಇಡಿಯಾಗಿ ಹಾಕಿ.

1 ಕೆ.ಜಿ. ಕಾಯಿ ಬಿಡಿಸಿದರೆ ಕಾಳು ಸಿಗುವುದು ಸುಮಾರು 350ರಿಂದ 400 ಗ್ರಾಂ. ನಾಲ್ಕು ಮನೆಗೆ ಹಿತುಕಿದ ಬೇಳೆ ಸಾರು ಆಗಬೇಕಾದರೆ 2 ಕೆ.ಜಿ. ಕಾಯಿ ಸಾಲದು. ಹಿತುಕಿ ನೀರಲ್ಲಿಟ್ಟ ಬೇಳೆಯನ್ನೇ ಕೊಳ್ಳುವುದಾದರೆ ಬೋಗುಣಿಯ ನೀರು ನೋಡಿ. ನೊರೆ ಕಟ್ಟಿದ್ದರೆ, ಬೇಳೆ ಲೋಳೆಯಾಗಿದ್ದರೆ ಅದು ಹುಳಿ ಬಂದ ಮಾಲು. ಎಷ್ಟು ಬೇಯಿಸಿದರೂ ಆ ವಾಸನೆ ಹೋಗದು.

ಬಟ್ಟೆಯ ಚೀಲವನ್ನೇ ಒಯ್ಯಿರಿ. ಬೆಳಿಗ್ಗೆಯೇ ಅವರೆ ಕೊಂಡರೆ ಒಬ್ಬರ ಮನೆಯಲ್ಲಿ ಹಳೆಯ ಪತ್ರಿಕೆಯ ಮೇಲೆ ಹರಡಿಟ್ಟು ಆಮೇಲೆ ಸುತ್ತಲು ಹೊರಡಬಹುದು. ಇಬ್ಬನಿಯ ತೇವ ಅಷ್ಟರಲ್ಲಿ ಆರುತ್ತದೆ. ಕಬ್ಬು, ಗೆಣಸು, ಕಡಲೆಕಾಯಿಗೆ ಇಷ್ಟು ಅವಸರವಿಲ್ಲ. ಸಿದ್ಧ ಎಳ್ಳು-ಬೆಲ್ಲ ಕೊಳ್ಳುವಾಗ ಮಾತ್ರ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಳ್ಳಿ. ಅದು ಕಮಟಾಗಿದ್ದರೆ, ಅಥವಾ ಬೆಲ್ಲದ ಚೂರು ಒಣಗದೆ ಎಳ್ಳಿಗೆ ಮೆತ್ತಿಕೊಂಡಿದ್ದರೆ ಹಬ್ಬದವರೆಗೂ ಉಳಿಯದು.

ವ್ಯಾಪಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ನೀರಿನ ಬದಲು ಅವರೆಗುಡ್ಡೆಗೆ ನೆರಳು ಮಾಡಿ, ಗೋಣಿತಾಟಿನ ಮೇಲೆ ತೆಳುವಾಗಿ ಹರಡಿ. ಪಾಲಿಕೆಯವರು ಈ ಒಂದು ತಿಂಗಳಾದರೂ ಮಾರುಕಟ್ಟೆಯಲ್ಲಿ ಅವರೆ ಸಿಪ್ಪೆಗೆಂದೇ ಬೇರೆ ತೊಟ್ಟಿ ಇಡಲಿ. ದನಗಳು ಇಷ್ಟಪಟ್ಟು ತಿನ್ನುವ ಆ ಸಿಪ್ಪೆ ಈಗ ಪ್ಲಾಸ್ಟಿಕ್ ಜೊತೆ ಕಸದ ಲಾರಿ ಸೇರುತ್ತಿದೆ.

ಇತಿ,
ಗಾಂಧಿ ಬಜಾರಿನ ಕಾಯಂ ಗಿರಾಕಿಗಳು,
ಬಸವನಗುಡಿ, ಬೆಂಗಳೂರು